ಕಥೆ ಹೇಳುವ ಹಣಕಾಸು ಸಲಹೆಗಾರರು: ವಿಡಿಯೋದ ಬಲ, ಸೆಬಿಯ ಮಿತಿ

ಹಣಕಾಸು ಸಲಹೆಗಾರನ ಸರಕು ಕಣ್ಣಿಗೆ ಕಾಣುವಂಥದ್ದಲ್ಲ. ಇಪ್ಪತ್ತು ವರ್ಷಗಳ ನಂತರ ಫಲ ಕೊಡಬಹುದಾದ ಸಲಹೆಗೆ ಇಂದೇ ಶುಲ್ಕ ತೆರಬೇಕಾದರೆ ಗ್ರಾಹಕನಿಗೆ ಮೊದಲು ಆ ವ್ಯಕ್ತಿಯ ಮೇಲೆ ವಿಶ್ವಾಸ ಮೂಡಬೇಕು. ಹಿಂದೆ ಬಂಧುಗಳು, ಸಹೋದ್ಯೋಗಿಗಳ ಶಿಫಾರಸಿನಿಂದ ಹುಟ್ಟುತ್ತಿದ್ದ ಈ ವಿಶ್ವಾಸವನ್ನು ಗಳಿಸಲು ಸಲಹೆಗಾರರು ಈಗ ಯೂಟ್ಯೂಬ್, ಇನ್‌ಸ್ಟಾಗ್ರಾಂ ವಿಡಿಯೋಗಳ ಮೊರೆ ಹೋಗುತ್ತಿದ್ದಾರೆ.

ಇಂತಹ ವಿಡಿಯೋಗಳ ತಿರುಳು ಬಹುತೇಕ ಒಂದು ಕುಟುಂಬದ ಕಥೆ. ಗೃಹಸಾಲದ ಕಂತು ಕಟ್ಟುತ್ತಿರುವ ದಂಪತಿ, ಮಗಳ ಎಂಜಿನಿಯರಿಂಗ್ ಶುಲ್ಕ, ದುಡಿಯುವ ವ್ಯಕ್ತಿಗೆ ಅವಧಿ ವಿಮೆಯೇ ಇಲ್ಲದ ಸ್ಥಿತಿ. ಚಕ್ರಬಡ್ಡಿಯ ಸೂತ್ರ ಮರೆತವರಿಗೂ ಈ ಕುಟುಂಬ ನೆನಪಿನಲ್ಲಿ ಉಳಿಯುತ್ತದೆ. ಒಬ್ಬರು ನಿವೃತ್ತಿ ಯೋಜನೆಯನ್ನೇ, ಮತ್ತೊಬ್ಬರು ಆದಾಯ ತೆರಿಗೆಯನ್ನೇ ಹಿಡಿದು ವಾರ ವಾರ ಮಾತನಾಡುತ್ತಾ ಹೋದಂತೆ, ಆ ವಿಷಯ ಎಂದರೆ ಅವರ ಮುಖವೇ ಕಣ್ಮುಂದೆ ಬರುವಂತಾಗುತ್ತದೆ. ವೈಯಕ್ತಿಕ ಬ್ರಾಂಡ್ ಎಂದು ಮಾರುಕಟ್ಟೆ ತಜ್ಞರು ಕರೆಯುವುದು ಇದನ್ನೇ.

ಆದರೆ ಕಥೆಯೊಳಗೆ ಅಂಕಿ ಪ್ರವೇಶಿಸಿದಾಗ ಎಚ್ಚರ ಅಗತ್ಯ. ತಿಂಗಳಿಗೆ 5,000 ರೂ.ನಂತೆ 20 ವರ್ಷ ತೊಡಗಿಸಿದರೆ ಕೈಯಿಂದ ಹೋಗುವ ಮೊತ್ತ 12 ಲಕ್ಷ ರೂ. ವಾರ್ಷಿಕ ಶೇ 12ರ ಪ್ರತಿಫಲ ಊಹಿಸಿದರೆ ಅದು ಸುಮಾರು 50 ಲಕ್ಷ ರೂ. ಆಗುತ್ತದೆ, ಶೇ 8 ಎಂದುಕೊಂಡರೆ 30 ಲಕ್ಷ ರೂ. ಕೂಡ ಮುಟ್ಟುವುದಿಲ್ಲ. ವಿಡಿಯೋದ ನಾಯಕ ಅರ್ಧ ಕೋಟಿಯ ಒಡೆಯನಾಗುವುದು ಈ ಊಹೆಯ ಬಲದಿಂದಲೇ. ನೋಡುಗರಿಗೆ ಅದು ಹೊಳೆಯುವ ಮೊದಲೇ ಹಿನ್ನೆಲೆ ಸಂಗೀತ ಶುರುವಾಗಿರುತ್ತದೆ!

ಭಾರತದಲ್ಲಿ ಶುಲ್ಕ ಪಡೆದು ಹೂಡಿಕೆ ಸಲಹೆ ನೀಡುವವರು 2013ರ ನಿಯಮಾವಳಿಯ ಪ್ರಕಾರ ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿಯಲ್ಲಿ (ಸೆಬಿ) ನೋಂದಾಯಿಸಿಕೊಳ್ಳಬೇಕು. 2023ರ ಏಪ್ರಿಲ್‌ನಲ್ಲಿ ಮಂಡಳಿ ಹೊರಡಿಸಿದ ಜಾಹೀರಾತು ಸಂಹಿತೆಯು ಸಾಮಾಜಿಕ ಜಾಲತಾಣದ ವಿಡಿಯೋಗಳನ್ನೂ ಜಾಹೀರಾತೆಂದೇ ಪರಿಗಣಿಸಿತು. ಖಚಿತ ಲಾಭದ ಭರವಸೆ, 'ನಂಬರ್ ಒನ್' ಎಂಬಂತಹ ವಿಶೇಷಣಗಳಿಗೆ ಅದರಲ್ಲಿ ಅವಕಾಶವಿಲ್ಲ. ಅಮೆರಿಕ ಇದಕ್ಕಿಂತ ಭಿನ್ನ ಹಾದಿ ಹಿಡಿದಿದೆ. 1961ರಿಂದ ನಿಷೇಧವಿದ್ದ ಗ್ರಾಹಕರ ಪ್ರಶಂಸೆಯ ಬಳಕೆಗೆ ಅಲ್ಲಿನ ಹೊಸ ನಿಯಮ ಷರತ್ತುಗಳೊಂದಿಗೆ ಅನುಮತಿ ನೀಡಿದ್ದು, ಅದರ ಪಾಲನೆ 2022ರ ನವೆಂಬರ್‌ನಿಂದ ಕಡ್ಡಾಯವಾಯಿತು.

ನೋಂದಣಿ ಇಲ್ಲದೆಯೇ ಜನಪ್ರಿಯರಾದವರದು ಬೇರೆಯೇ ಸಮಸ್ಯೆ. 'ಬಾಪ್ ಆಫ್ ಚಾರ್ಟ್' ಹೆಸರಿನ ಚಾನೆಲ್‌ನವರು ಷೇರುಪೇಟೆ ಶಿಕ್ಷಣದ ನೆಪದಲ್ಲಿ ಖರೀದಿ-ಮಾರಾಟದ ಸಲಹೆ ನೀಡುತ್ತಿದ್ದರೆಂದು ಹೇಳಿದ ಸೆಬಿ, 2023ರ ಅಕ್ಟೋಬರ್‌ನ ಮಧ್ಯಂತರ ಆದೇಶದಲ್ಲಿ 17.20 ಕೋಟಿ ರೂ. ಠೇವಣಿ ಇಡುವಂತೆ ಸೂಚಿಸಿತು. 2025ರ ಜನವರಿಯ ಸುತ್ತೋಲೆಯು, ಶಿಕ್ಷಣದಲ್ಲಷ್ಟೇ ತೊಡಗಿದವರು ಹಿಂದಿನ ಮೂರು ತಿಂಗಳ ಷೇರು ದರಗಳನ್ನು ಬಳಸಿ ನಿರ್ದಿಷ್ಟ ಷೇರಿನ ಭವಿಷ್ಯ ಹೇಳುವಂತಿಲ್ಲ ಎಂದಿತು.

ವಿಡಿಯೋದಲ್ಲಿ ಮಾತನಾಡುವವರು ಯಾರೆಂದು ತಿಳಿಯಲು ನೋಂದಣಿ ಸಂಖ್ಯೆ ನೋಡಬೇಕು. 'ಐಎನ್‌ಎ' ಎಂದು ಆರಂಭವಾದರೆ ಅವರು ಹೂಡಿಕೆ ಸಲಹೆಗಾರರು; ಹೆಸರನ್ನು ಸೆಬಿ ಜಾಲತಾಣದಲ್ಲಿ ಪರಿಶೀಲಿಸಬಹುದು. 'ಎಆರ್‌ಎನ್' ಸಂಖ್ಯೆ ಇದ್ದರೆ ಅವರು ಮ್ಯೂಚುವಲ್ ಫಂಡ್ ವಿತರಕರು. ಅವರ ಆದಾಯ ಫಂಡ್ ಸಂಸ್ಥೆ ಕೊಡುವ ಕಮಿಷನ್. ಸೆಬಿ ನೋಂದಣಿ ಇಲ್ಲದ ವಿತರಕರು ತಮ್ಮನ್ನು ಸಲಹೆಗಾರರೆಂದು ಕರೆದುಕೊಳ್ಳುವುದನ್ನು 2020ರ ತಿದ್ದುಪಡಿ ನಿರ್ಬಂಧಿಸಿದೆ.