ಸಮಾಂತರ ಗಣಕಕ್ಕೆ ಹವಾಮಾನದ ಒರೆಗಲ್ಲು

ವಾಯುಮಂಡಲದ ನಾಳಿನ ಸ್ಥಿತಿಯನ್ನು ಗಣಿತದಿಂದ ಕಂಡುಕೊಳ್ಳುವ ಕೆಲಸವನ್ನು ಹಲವರಿಗೆ ಹಂಚಬೇಕೆಂಬ ವಿಚಾರ ಎಲೆಕ್ಟ್ರಾನಿಕ್ ಗಣಕಕ್ಕಿಂತ ಹಳೆಯದು. ಭೂಗೋಳದ ಒಂದೊಂದು ಭಾಗವನ್ನು ವಹಿಸಿಕೊಂಡು 64,000 ಮಂದಿ ಏಕಕಾಲಕ್ಕೆ ಲೆಕ್ಕ ಮಾಡುವ ಸಭಾಂಗಣವನ್ನು ಬ್ರಿಟನ್ನಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿಯೇ ಕಲ್ಪಿಸಿದ್ದರು. ಅನೇಕ ಪ್ರೊಸೆಸರುಗಳು ಒಂದೇ ಸಮಸ್ಯೆಯನ್ನು ಪಾಲು ಮಾಡಿಕೊಂಡು ಬಿಡಿಸುವ ಸಮಾಂತರ ಗಣಕಗಳು ಈ ಕಲ್ಪನೆಯನ್ನು ಸಾಧ್ಯವಾಗಿಸಿದವು.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ಯು.ಎನ್. ಸಿನ್ಹಾ ಅವರ ತಂಡವು ಗಾಳಿ, ನೀರಿನಂಥ ಹರಿಯುವ ವಸ್ತುಗಳ ಚಲನೆಯನ್ನು ಲೆಕ್ಕಹಾಕಲು ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು 1986ರಲ್ಲಿ ಕಟ್ಟಿತು. ದೆಹಲಿಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರವು ಅಮೆರಿಕದ ಕ್ರೇ ಗಣಕದಲ್ಲಿ ನಡೆಸುತ್ತಿದ್ದ ಟಿ-80 ಎಂಬ ಜಾಗತಿಕ ಹವಾಮಾನ ಮಾದರಿಯನ್ನು 1990ರ ದಶಕದಲ್ಲಿ ಫ್ಲೋಸಾಲ್ವರ್ ಸೇರಿದಂತೆ ದೇಶೀಯ ಸಮಾಂತರ ಯಂತ್ರಗಳಿಗೆ ಅಳವಡಿಸಿದಾಗ, ಅವುಗಳ ನಿಜವಾದ ಸಾಮರ್ಥ್ಯ ಒರೆಗೆ ಹತ್ತಿತು.

ತಯಾರಕರು ಹೇಳುವ ಗರಿಷ್ಠ ವೇಗ ಇಲ್ಲಿ ಸಾಲದು. ಒಂದು ಪ್ರೊಸೆಸರ್ ತೆಗೆದುಕೊಳ್ಳುವ ಸಮಯವನ್ನು ಹಲವು ಪ್ರೊಸೆಸರುಗಳು ಕೂಡಿ ತೆಗೆದುಕೊಳ್ಳುವ ಸಮಯದಿಂದ ಭಾಗಿಸಿದರೆ ದೊರೆಯುವ ವೇಗವರ್ಧನೆ, ಅದನ್ನು ಪ್ರೊಸೆಸರುಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವ ದಕ್ಷತೆ, ಇವೆರಡೂ ನಿಜವಾದ ಅಳತೆಗಳು. ಹಂಚಲಾಗದ ಕೆಲಸ ಒಟ್ಟು ಕೆಲಸದ ಶೇ. 5ರಷ್ಟಿದ್ದರೆ, ಎಷ್ಟೇ ಪ್ರೊಸೆಸರುಗಳನ್ನು ಸೇರಿಸಿದರೂ ವೇಗವರ್ಧನೆ 20 ಪಟ್ಟನ್ನು ಮೀರದೆಂಬುದು 1967ರಲ್ಲಿ ಗಣಕ ವಿನ್ಯಾಸಕ ಜೀನ್ ಆಮ್ದಾಲ್ ಮಂಡಿಸಿದ ವಾದದಿಂದ ಹೊರಡುವ ತೀರ್ಮಾನ.

ಟಿ-80 ಮಾದರಿಯಲ್ಲಿ ಉತ್ತರ ಧ್ರುವದಿಂದ ದಕ್ಷಿಣ ಧ್ರುವದವರೆಗೆ 128 ಅಕ್ಷಾಂಶ ಸಾಲುಗಳಿದ್ದು, ಉತ್ತರದ ಒಂದನ್ನು ದಕ್ಷಿಣದ ಸರಿಸಾಟಿಯೊಡನೆ ಸೇರಿಸಿ ಹಂಚಿದರೆ 64 ಜೋಡಿಗಳಾಗುತ್ತವೆ. ಇವು 16 ಪ್ರೊಸೆಸರುಗಳಿಗೆ ತಲಾ ನಾಲ್ಕರಂತೆ ಸಮವಾಗಿ ಸಲ್ಲುತ್ತವೆ. 12ಕ್ಕೆ ಹಂಚಿದರೆ ಕೆಲವಕ್ಕೆ ಆರು, ಉಳಿದವಕ್ಕೆ ಐದೇ ಬರುವುದರಿಂದ, ಬೇಗ ಮುಗಿಸಿದವು ಸುಮ್ಮನೆ ಕಾಯಬೇಕಾಗುತ್ತದೆ. ಸಾಲುಗಳ ಲೆಕ್ಕ ಮುಗಿದರೂ, ಮಾದರಿಯು ವಾಯುಮಂಡಲದ ಸ್ಥಿತಿಯನ್ನು ವಿವರಿಸಲು ಬಳಸುವ ಇಡೀ ಗೋಳದ ಅಲೆಗಳನ್ನು ಪಡೆಯಲು ಎಲ್ಲ ಪ್ರೊಸೆಸರುಗಳ ಮೊತ್ತಗಳನ್ನು ಕೂಡಿಸಲೇಬೇಕಾದ್ದರಿಂದ, ಸಂದೇಶ ವಿನಿಮಯವು ಪ್ರತಿ ಹೆಜ್ಜೆಯಲ್ಲೂ ಸಮಯ ತಿನ್ನುತ್ತದೆ.

ಹಾಗಾಗಿ ಮಾದರಿಯನ್ನು ಇಡಿಯಾಗಿ ನಡೆಸಿ, ಗಡಿಯಾರ ನೋಡಿ ಅಳೆಯುವುದೇ ನಂಬಲರ್ಹ ಪರೀಕ್ಷೆ. ಮಳೆ ಬಿದ್ದ ಮೇಲೆ ಕೈಸೇರುವ ಮುನ್ಸೂಚನೆಯಿಂದ ರೈತನಿಗೆ ಪ್ರಯೋಜನವಿಲ್ಲದ ಕಾರಣ, ಈ ಅಳತೆಗೆ ತಾಂತ್ರಿಕ ಮಹತ್ತ್ವದಷ್ಟೇ ಸಾಮಾಜಿಕ ಮಹತ್ತ್ವವೂ ಇದೆ.