ಮಂತ್ರದ ಅಳತೆ, ಚಲನೆಯ ಅಳತೆ: ಮಕ್ಕಳ ಉಸಿರಾಟ ಶಿಕ್ಷಣದ ಚರಿತ್ರೆ

ಎಳೆಯ ಮಕ್ಕಳಿಗೆ ಆಸನ, ಪ್ರಾಣಾಯಾಮ, ವಿಶ್ರಾಂತಿ ಮೂರನ್ನೂ ಒಂದೇ ತರಗತಿಯಲ್ಲಿ ಕಲಿಸುವ ಇಂದಿನ ರೂಢಿಯನ್ನು ಸಾವಿರಾರು ವರ್ಷಗಳ ಪರಂಪರೆ ಎಂದು ಪರಿಚಯಿಸುವುದುಂಟು. ಆಧಾರಗಳ ಮುಂದೆ ಈ ಮಾತು ನಿಲ್ಲುವುದಿಲ್ಲ. ಪತಂಜಲಿಯ ಯೋಗಸೂತ್ರ ಆಸನ ಸಿದ್ಧಿಸಿದ ಮೇಲೆಯೇ ಪ್ರಾಣಾಯಾಮದ ಮಾತೆತ್ತುತ್ತದೆ. ವಯಸ್ಸಿನ ಪ್ರಸ್ತಾಪವೇ ಅಲ್ಲಿಲ್ಲ. 15ನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆ ಯುವಕ, ವೃದ್ಧ, ಅತಿವೃದ್ಧ, ರೋಗಿ, ದುರ್ಬಲ ಎಲ್ಲರಿಗೂ ಯೋಗ ಸಿದ್ಧಿಸುತ್ತದೆ ಎನ್ನುವಾಗ ಆ ಸಾಲಿನಲ್ಲಿ ಬಾಲಕ ಬರುವುದಿಲ್ಲ. ಅದೇ ಗ್ರಂಥ, ಕಾಡುಮೃಗವನ್ನು ಪಳಗಿಸುವಂತೆ ಉಸಿರನ್ನು ಮೆಲ್ಲಮೆಲ್ಲನೆ ವಶಕ್ಕೆ ತರಬೇಕು, ಅವಸರಪಟ್ಟರೆ ಸಾಧಕನ ಜೀವಕ್ಕೇ ಅಪಾಯ ಎಂದು ಎಚ್ಚರಿಸುತ್ತದೆ. ಹಾಗಾದರೆ ಮಕ್ಕಳ ಪಾಠದೊಳಗೆ ಉಸಿರಾಟ ಸೇರಿದ್ದು ಹೇಗೆ? ಉಪನಯನ ಮತ್ತು ಮೈಸೂರಿನ ಯೋಗಶಾಲೆ, ಈ ಎರಡು ದಾರಿಗಳನ್ನು ನಾನು ಮುಖ್ಯವೆಂದು ಎಣಿಸುತ್ತೇನೆ. ಎರಡರಲ್ಲೂ ಮಗುವಿನ ಉಸಿರನ್ನು ಬಿಡಿಯಾಗಿ ಪಳಗಿಸಲು ಹೋಗಲಿಲ್ಲ, ಇನ್ನೊಂದು ಕ್ರಿಯೆಗೆ ಕಟ್ಟಿಯೇ ಕಲಿಸಿದರು.

ಗೃಹ್ಯಸೂತ್ರಗಳು ಉಪನಯನಕ್ಕೆ ಬ್ರಾಹ್ಮಣ ವಟುವಿಗೆ 8, ಕ್ಷತ್ರಿಯನಿಗೆ 11, ವೈಶ್ಯನಿಗೆ 12ನೆಯ ವರ್ಷವನ್ನು ಗೊತ್ತುಮಾಡಿವೆ. ಅಂದಿನಿಂದ ಸಂಧ್ಯಾವಂದನೆ ನಿತ್ಯವಿಧಿ, ಅದರೊಳಗೆ ಪ್ರಾಣಾಯಾಮ. ವಟು ಬಲಗೈಯ ತೋರುಬೆರಳು, ಮಧ್ಯದ ಬೆರಳುಗಳನ್ನು ಮಡಿಸಿ, ಹೆಬ್ಬೆರಳನ್ನು ಒಂದು ಹೊಳ್ಳೆಗೆ, ಉಂಗುರಬೆರಳು ಕಿರುಬೆರಳುಗಳನ್ನು ಇನ್ನೊಂದಕ್ಕೆ ಒತ್ತಿ, ಭೂಃ, ಭುವಃ ಮೊದಲಾದ ವ್ಯಾಹೃತಿಗಳ ಸಮೇತ ಗಾಯತ್ರಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾನೆ. ಹಳಬರ ಮನೆಮಾತಿನಲ್ಲಿ ಇಡೀ ಸಂಧ್ಯಾವಂದನೆಗೇ ಮೂಗು ಹಿಡಿಯುವುದು ಎಂಬ ಹೆಸರು. ಇಲ್ಲಿ ಉಸಿರಿನ ಅವಧಿಯನ್ನು ಮಂತ್ರವೇ ನಿರ್ಧರಿಸುತ್ತದೆ: ಮಂತ್ರ ಮುಗಿದೊಡನೆ ಮೂಗು ಬಿಡಬೇಕು. ಧರ್ಮಶಾಸ್ತ್ರಕಾರರ ಉದ್ದೇಶ ಪಾಪಕ್ಷಯ. ಮಗುವಿನ ಆರೋಗ್ಯ ಅವರ ಕಣ್ಣಮುಂದೆ ಇರಲಿಲ್ಲ, ಆದ್ದರಿಂದ ಇದನ್ನು ಶಿಕ್ಷಣವೆಂದು ಕರೆಯುವುದು ಇಂದಿನ ಆಸೆಯನ್ನು ಹಿಂದಕ್ಕೆ ಹೊರಿಸಿದಂತೆ ಎಂದು ಆಕ್ಷೇಪಿಸಬಹುದು. ಉದ್ದೇಶದ ಮಟ್ಟಿಗೆ ಆಕ್ಷೇಪ ಸರಿ. ಆದರೆ ಎಂಟರ ಹುಡುಗನೊಬ್ಬ ದಿನವೂ ಹಿರಿಯರ ಕಣ್ಣೆದುರು, ಹದ ಮೀರದಂತೆ ಉಸಿರು ಹಿಡಿದು ಬಿಡುವುದನ್ನು ಕಲಿತ ಸಂಗತಿ ಉದ್ದೇಶ ಬೇರೆಯಾದ ಮಾತ್ರಕ್ಕೆ ಅಳಿಸಿಹೋಗುವುದಿಲ್ಲ. ರೂಢಿಯಲ್ಲಿ ಹೆಣ್ಣುಮಕ್ಕಳನ್ನೂ ಬಹುಪಾಲು ಜಾತಿಗಳ ಮಕ್ಕಳನ್ನೂ ಈ ಕಲಿಕೆ ಹೊರಗಿಟ್ಟಿತೆಂಬುದನ್ನು ಮರೆತು ಇದನ್ನು ಭಾರತದ ಮಕ್ಕಳೆಲ್ಲರ ಪರಂಪರೆ ಎನ್ನುವುದು ಚರಿತ್ರೆಗೆ ಮಾಡುವ ಅನ್ಯಾಯ.

ಎರಡನೆಯ ದಾರಿ ತೆರೆದದ್ದು ಮೈಸೂರಿನಲ್ಲಿ. ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ದೊರೆಯಿತು. ಎದುರಿಗಿದ್ದವರು ಹೆಚ್ಚಾಗಿ ಅರಸು ಮನೆತನದ ಹುಡುಗರು. ಅವರಿಗೆ ಹಠಗ್ರಂಥಗಳ ಕ್ರಮವನ್ನು ಹಾಗೆಯೇ ಒಪ್ಪಿಸುವುದು ಸಾಧ್ಯವಿರಲಿಲ್ಲ. ಆಚಾರ್ಯರು ಕನ್ನಡದಲ್ಲೇ ಬರೆದ ‘ಯೋಗಮಕರಂದ’ (1934) ಮತ್ತು ‘ಯೋಗಾಸನಗಳು’ (1941) ಅವರ ವಿಧಾನವನ್ನು ತೋರಿಸುತ್ತವೆ: ಆಸನವನ್ನು ವಿನ್ಯಾಸಗಳಾಗಿ ಬಿಡಿಸಿ, ಯಾವ ಹಂತದಲ್ಲಿ ಪೂರಕ, ಯಾವುದರಲ್ಲಿ ರೇಚಕ ಎಂದು ಸೂಚಿಸುತ್ತಾರೆ. ಕೈ ಮೇಲೆತ್ತಿದಾಗ ಉಸಿರು ಒಳಕ್ಕೆ, ಬಾಗಿದಾಗ ಹೊರಕ್ಕೆ. ಮಂತ್ರದ ಜಾಗದಲ್ಲಿ ಚಲನೆ ಬಂದು ಕೂತಿತು. ಉಸಿರನ್ನು ತಡೆದು ನಿಲ್ಲಿಸುವ ಕುಂಭಕವೂ ಅಲ್ಲಿದೆಯಲ್ಲ ಎನ್ನಬಹುದು. ಇದೆ, ಆದರೆ ಆಸನದ ಒಡಲಲ್ಲೇ ಇದೆ. ಬಿಡಿಯಾದ ಪ್ರಾಣಾಯಾಮದ ವಿಷಯದಲ್ಲಿ ಆಚಾರ್ಯರು ಎಷ್ಟು ಬಿಗಿಯಾಗಿದ್ದರೆಂಬುದಕ್ಕೆ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರೇ ಸಾಕ್ಷಿ: ಎಳವೆಯಿಂದ ಎದೆ ದುರ್ಬಲವಾಗಿದ್ದ ಅವರಿಗೆ ಗುರುಗಳು ಅದನ್ನು ಕಲಿಸಲು ಒಪ್ಪಲಿಲ್ಲ.

ಯೋಗದ ಚರಿತ್ರೆಯ ಸಂಶೋಧಕ ಮಾರ್ಕ್ ಸಿಂಗಲ್ಟನ್ 2010ರ ತಮ್ಮ ಗ್ರಂಥದಲ್ಲಿ ಮೈಸೂರಿನ ಈ ಶೈಲಿಯ ಹಿಂದೆ ಯುರೋಪಿನ ಅಂಗಸಾಧನೆಯ, ಶಾಲಾ ಕವಾಯತಿನ ಪ್ರಭಾವವನ್ನು ಗುರುತಿಸಿದ್ದಾರೆ. ಆ ಕಾಲದ ಶಾಲೆಗಳಲ್ಲಿ ಕವಾಯತು ರೂಢಿಯಲ್ಲಿದ್ದುದರಿಂದ ವಿನ್ಯಾಸಗಳನ್ನು ಎಣಿಸುತ್ತ ಮಾಡಿಸುವ ಪದ್ಧತಿ ಅಲ್ಲಿಂದ ಬಂದಿರುವುದು ಅಸಂಭವವಲ್ಲ. ಆದರೆ ಎಣಿಕೆಗೆ ಬೆಸೆದ ಪೂರಕ, ರೇಚಕ, ಕುಂಭಕಗಳ ಪರಿಭಾಷೆ ಕವಾಯತಿನದಲ್ಲ. ಅಲ್ಲದೆ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ, ಅವುಗಳಲ್ಲಿ ಹಗ್ಗ ಹಿಡಿದು ಮಾಡುವವೂ ಗರಡಿಯ ದಂಡೆಗಳನ್ನು ಹೋಲುವವೂ ಉಂಟು. ಅರಮನೆಗೆ ದೇಸಿ ವ್ಯಾಯಾಮ ಹೊಸದಾಗಿರಲಿಲ್ಲ.

ವಿಶ್ರಾಂತಿಯ ಎಳೆ ತೀರ ಈಚಿನದು. ಶವಾಸನ ಹಠಯೋಗಪ್ರದೀಪಿಕೆಯಲ್ಲೇ ಬಂದರೂ, ಅಂಗಾಂಗಗಳನ್ನು ಸರದಿಯಲ್ಲಿ ಸಡಿಲಿಸುವ ಪಾಠಕ್ಕೆ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಶಾಸ್ತ್ರೀಯ ರೂಪ ಕೊಟ್ಟಿದ್ದರು. ಮುಂಗೇರದ ಸ್ವಾಮಿ ಸತ್ಯಾನಂದ ಸರಸ್ವತಿ ಅಂಗಾಂಗಗಳಲ್ಲಿ ಮಂತ್ರವನ್ನು ನೆಲೆಗೊಳಿಸುವ ತಾಂತ್ರಿಕ ನ್ಯಾಸದಿಂದ ಯೋಗನಿದ್ರೆಯನ್ನು ರೂಪಿಸಿದರು. ಯೋಗನಿದ್ರೆಯಲ್ಲಿ ಮಲಗಿದವರ ಗಮನವನ್ನು ಅಂಗದಿಂದ ಅಂಗಕ್ಕೆ ನಡೆಸುವುದು ಹೇಳಿಕೊಡುವವರ ದನಿ.

ಉಸಿರಾಟದ ಪಾಠದಿಂದ ಮಂತ್ರದ ಕಟ್ಟನ್ನು ಕಳಚಿದರೆ ಉಳಿಯುವುದೇನು ಎಂಬ ಪ್ರಶ್ನೆ ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಪಟ್ಟಣದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಕೃಷ್ಣಮಾಚಾರ್ಯರ ಶಿಷ್ಯ, ಹಾಸನ ಜಿಲ್ಲೆಯ ಪಟ್ಟಾಭಿ ಜೋಯಿಸರ ಹೆಸರಿನ ಪ್ರತಿಷ್ಠಾನದ ನೆರವಿನಿಂದ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಯೋಗ ಶುರುವಾದಾಗ ಕೆಲ ಪೋಷಕರು ಇದು ಮತಬೋಧನೆ ಎಂದು ದಾವೆ ಹೂಡಿದರು. ಶಾಲೆಗಳು ಸಂಸ್ಕೃತ ಹೆಸರುಗಳನ್ನು ಬಿಟ್ಟವು, ಪದ್ಮಾಸನಕ್ಕೆ ಮಕ್ಕಳಾಟದ ಹೆಸರು ಬಂತು. 2013ರಲ್ಲಿ ನ್ಯಾಯಾಲಯವೂ 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಶಾಲೆಗಳ ಪರ ತೀರ್ಪಿತ್ತವು. ಮಂತ್ರದ ಆಸರೆ ತಪ್ಪಿದರೂ ಆ ತರಗತಿಗಳಲ್ಲಿ ಉಸಿರಾಟದ ಪಾಠ ನಿಲ್ಲಲಿಲ್ಲ; ಮೈಸೂರು ಒದಗಿಸಿದ ಚಲನೆಯ ಆಸರೆ ಅದಕ್ಕೆ ಉಳಿದಿತ್ತು. ಮೂರು, ನಾಲ್ಕು ವರ್ಷದ ಮಕ್ಕಳನ್ನು ಸುಮ್ಮನೆ ಕೂರಿಸಿ, ಎಣಿಕೆ ಹೇಳಿ ಉಸಿರು ಕಟ್ಟಿಸುವವರಿಗೆ ಈ ಎರಡು ಪರಂಪರೆಗಳಲ್ಲಿ ಯಾವುದೂ ಬೆಂಬಲ ಕೊಡುವುದಿಲ್ಲ.