ಎರಡು ಕೊಡಗು

ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಕೊಡಗು ಇದ್ದವು. ಒಂದೇ ಫೋಲ್ಡರಿನೊಳಗೆ, ಒಂದರ ಕೆಳಗೊಂದು, ಅದೇ ಮೂರಕ್ಷರ. ಒಂದು ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರೋ ಹಾಗಿಲ್ಲ ಅನ್ನೋದು ಲಿನಕ್ಸ್ ಕಲಿತ ಮೊದಲ ವಾರವೇ ಗೊತ್ತಾಗೋ ಸಂಗತಿ. ಟರ್ಮಿನಲ್ಲಿಗೇ ಏನೋ ಆಗಿದೆ ಅಂದ್ಕೊಂಡು ಸುಮ್ಮನಾದೆ.

2018ರ ಆಗಸ್ಟ್ ಮಳೆಗೆ ಮಕ್ಕಂದೂರು ಕಡೆಯ ಗುಡ್ಡಗಳು ಜರಿದಾಗ ನಮ್ಮ ಮಾವನ ಮನೆಯೂ ಹೋಯಿತು. ಆ ಮನೆಯ ಫೋಟೋಗಳು ಉಳಿದಿದ್ದು ಬೆಂಗಳೂರಿನಲ್ಲಿ, ಮಾವನ ಮಗನ ಹಳೇ ಮ್ಯಾಕ್‌ನಲ್ಲಿ ಮಾತ್ರ. ಅದನ್ನು ಮಾರುವ ಮುಂಚೆ ಅವನು 'ಕೊಡಗು' ಅನ್ನೋ ಫೋಲ್ಡರನ್ನು ಜಿಪ್ ಮಾಡಿ ನನಗೆ ಕಳಿಸಿದ. ನಾನು ಬಿಚ್ಚಿದೆ, ಜಿಪ್ ಅಳಿಸಿದೆ. ತಿಂಗಳಾದ ಮೇಲೆ ಮಾವ ಫೋನ್ ಮಾಡಿ, "ಕಣದ್ದೊಂದು ಫೋಟೋ ಇತ್ತಲ್ಲ, ಪ್ರಿಂಟ್ ಹಾಕಿಸ್ಕೊಡು" ಅಂದರು. ಹೆಸರು ಟೈಪ್ ಮಾಡಿ ಒಳಹೊಕ್ಕರೆ ಬರೀ ನನ್ನ ಟ್ರೆಕ್ಕಿಂಗ್ ಫೋಟೋಗಳು. ಮ್ಯಾಕ್ ಆಗಲೇ ಯಾರದೋ ಮನೆ ಸೇರಿತ್ತು. ಎದೆ ಧಸಕ್ಕೆಂದಿತು.

ಇದರ ಬೇರು ಹಳೇ ಯುನಿಕ್ಸ್‌ನಲ್ಲಿದೆ. 1979ರ ಏಳನೇ ಆವೃತ್ತಿಯಲ್ಲಿ ಫೈಲಿನ ಹೆಸರಿಗೆ ಸಿಗ್ತಿದ್ದ ಜಾಗ 14 ಬೈಟ್. ನಿಷೇಧ ಎರಡೇ: ಓರೆಗೆರೆ ಬರಬಾರದು, ಶೂನ್ಯ ಬೈಟ್ ಬರಬಾರದು. ಮಿಕ್ಕಂತೆ ಖಾಲಿ ಜಾಗ, ನಕ್ಷತ್ರ, ಕೊನೆಗೆ ಹೊಸ ಸಾಲು ಕೂಡ ಹೆಸರಿನಲ್ಲಿರಬಹುದು. ಕರ್ನಲ್‌ಗೆ ಹೆಸರು ಅಂದರೆ ಬೈಟ್‌ಗಳ ಸಾಲು, ಅಷ್ಟೇ. ಅದಕ್ಕೆ ಓದು ಬರಲ್ಲ. 1983ರಲ್ಲಿ ಬರ್ಕ್ಲಿಯವರ 4.2 ಬಿಎಸ್‌ಡಿ ಮಿತಿಯನ್ನು 255ಕ್ಕೆ ಏರಿಸಿತು. ಲಿನಕ್ಸ್ ಈ ಉದಾರತನವನ್ನೆಲ್ಲ ಹಾಗೇ ಉಳಿಸಿಕೊಂಡಿತು.

1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಮರುವರ್ಷ ಕೆನ್ ಥಾಮ್ಸನ್, ರಾಬ್ ಪೈಕ್ ಸೇರಿ ಯುಟಿಎಫ್-8 ರೂಪಿಸಿದರು. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಕ, ಒತ್ವ, ಡ, ಗ, ಕೊಂಬು: ಒಟ್ಟು 15 ಬೈಟ್. ಅಂದರೆ ಹಳೇ ಯುನಿಕ್ಸ್‌ನಲ್ಲಿ ಒಂದೇ ಒಂದು ಬೈಟಿನಿಂದ ಕೊಡಗು ಹಿಡಿಸ್ತಿರಲಿಲ್ಲ! ಬ್ರಿಟಿಷರ ಕೂರ್ಗ್ ಐದೇ ಬೈಟಿನಲ್ಲಿ ಆರಾಮಾಗಿ ಕೂರ್ತಿತ್ತು ಅನ್ನೋದು ಬೇರೆ ಮಾತು.

ಈಗ 'ಕೊ' ಬರೆಯೋ ನಿಮ್ಮ ಕೈಯನ್ನೇ ನೋಡಿ. ಮೊದಲು 'ಕೆ' ಬರೆದು, ಆಮೇಲೆ ಪಕ್ಕಕ್ಕೆ ಊಕಾರದ ಕೊಂಬು ಎಳೀತೀವಿ. ಯುನಿಕೋಡ್ ಎರಡೂ ದಾರಿಗೆ ಹೂಂ ಅಂದಿದೆ: ಒತ್ವ ಒಂದೇ ಚಿಹ್ನೆಯಾಗಿರಬಹುದು, ಎತ್ವ ಮತ್ತು ಕೊಂಬಾಗಿ ಬಿಡಿಸಿಯೂ ಇರಬಹುದು. ನನ್ನ ಕೀಬೋರ್ಡ್ ಒಂದಾಗಿ ಬರೆಯುತ್ತೆ. ಆದರೆ 1998ರಲ್ಲಿ ಆಪಲ್ ತಂದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಜಿಪ್ ಹೊತ್ತು ತಂದಿದ್ದು ಆ 18 ಬೈಟಿನ ಕೊಡಗನ್ನು. ಕಣ್ಣಿಗೆ ಒಂದೇ, ಕರ್ನಲ್‌ಗೆ ಬೇರೆ ಬೇರೆ. ಮಡಿಕೇರಿಯ 'ಕೇ', ಕಾವೇರಿಯ 'ವೇ', ಪೊನ್ನಂಪೇಟೆಯ 'ಪೊ' ಮತ್ತು 'ಪೇ' ಎಲ್ಲಕ್ಕೂ ಇದೇ ಪಾಡು. ಕುಶಾಲನಗರಕ್ಕೆ, ಬೆಂಗಳೂರಿಗೆ ಈ ರಗಳೆ ಇಲ್ಲ, ಪುಣ್ಯವಂತರು.

'ಎಲ್‌ಎಸ್' ಕೊಟ್ಟ ಪಟ್ಟಿಯನ್ನು 'ಓಡಿ'ಗೆ ಹಾಯಿಸಿ ಬೈಟ್ ಎಣಿಸಿದಾಗ ಗುಟ್ಟು ಬಯಲಾಯಿತು. ಹೆಸರು ಎಷ್ಟು ಸಲ ಟೈಪ್ ಮಾಡಿದರೂ ನಾನು ಹೋಗ್ತಿದ್ದಿದ್ದು ನನ್ನ ಕೊಡಗಿಗೇ. ಹಾಗಾಗಿ ಹೆಸರಿನ ಸಹವಾಸವೇ ಬೇಡ ಅಂತ 'ಎಲ್‌ಎಸ್'ಗೆ ಮೈನಸ್ ಐ ಸೇರಿಸಿ ಐನೋಡ್ ಸಂಖ್ಯೆ ತಗೊಂಡೆ. ಅದನ್ನು 'ಫೈಂಡ್'ಗೆ ಕೊಟ್ಟು, ಸಿಕ್ಕಿದ ಫೋಲ್ಡರಿಗೆ 'ಎಂವಿ'ಯಿಂದ 'ಮಾವನಮನೆ' ಅಂತ ಹೆಸರಿಟ್ಟೆ. ಇಂಥವು ರಾಶಿಗಟ್ಟಲೆ ಇದ್ದರೆ 'ಕಾನ್ವ್‌ಎಂವಿ' ಇದೆ. ಅದು ಏನು ಮಾಡ್ತೀನಿ ಅಂತ ಮೊದಲು ತೋರಿಸುತ್ತೆ, 'ನೋಟೆಸ್ಟ್' ಅಂತ ಹೇಳಿದ ಮೇಲೇ ಕೈ ಹಾಕುತ್ತೆ. ಜಿಪ್ ಅಳಿಸಿ ಕೂತ ನನ್ನಂಥವರಿಗೆ ಇದೇ ಸರಿ.

ಫೋಟೋ ಸಿಕ್ಕಿತು. ಕಣದ ತುಂಬ ಒಣಹಾಕಿದ ಕಾಫಿ, ಹಿಂದೆ ಇನ್ನೂ ನಿಂತಿದ್ದ ಗುಡ್ಡ. ಪ್ರಿಂಟ್ ತಗೊಂಡು ಹೋದಾಗ ಮಾವ ಅದನ್ನು ತುಂಬ ಹೊತ್ತು ಹಿಡ್ಕೊಂಡಿದ್ದರು. ಆಮೇಲೆ, ಇಷ್ಟು ದಿನ ಯಾಕಾಯ್ತು ಅಂದರು.

"ಒತ್ವದ ಪ್ರಾಬ್ಲಮ್ಮು ಮಾವ" ಅಂದೆ.